ಉದ್ದಪದಗಳ ಮೇಲೆ ಬಿದ್ದ ಪೆನ್ಸಿಲ್ ಗೀಟುಗಳು

ಯಾವುದನ್ನು ಎಲ್ಲಿ ಮುರಿಯಬೇಕು ಎಂಬ ತಿಳಿವಳಿಕೆಯೇ ನಾಗರಿಕತೆಯ ಬುನಾದಿ. ಕಲ್ಲು ಸೀಳುವವನು, ಆಸ್ತಿ ಪಾಲು ಮಾಡುವವನು, ಸಾಲಿನ ಕೊನೆಯಲ್ಲಿ ಪದ ಒಡೆಯುವವನು, ಎಲ್ಲರೂ ಮೊದಲು ಕೀಲು ಎಲ್ಲಿದೆಯೆಂದು ಹುಡುಕುತ್ತಾರೆ. ನೈರೋಬಿಯ ನಮ್ಮ ಮನೆಯ ಊಟದ ಮೇಜಿನಲ್ಲಿ ನಾನು ಈ ಮಾತನ್ನು ತಕ್ಕ ಗಾಂಭೀರ್ಯದಿಂದ ಆಡಿ ಮುಗಿಸಿದಾಗ ನನ್ನ ಹೆಂಡತಿ, "ಹಾಗಾದ್ರೆ ಹಪ್ಪಳಾನ ತಟ್ಟೆ ಮೇಲೆ ಹಿಡ್ಕೊಂಡು ಮುರೀರಿ. ನೆಲದ ತುಂಬ ಚೂರು" ಎಂದಳು.

ಆಗ ನಾನು ಪದ ಒಡೆಯುವ ಕೆಲಸದಲ್ಲಿದ್ದೆ. ಮೈಸೂರಿನ ಅಚ್ಚುಕೂಟವೊಂದರಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುವುದರಿಂದ ಶುರುಮಾಡಿ ಕರಡು ತಿದ್ದುವ ಕುರ್ಚಿಯವರೆಗೆ ಏರಿದವನು ನಾನು. ಹೆಂಡತಿಗೆ ಇಲ್ಲಿನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿದಾಗ ಅವಳ ವೀಸಾದ ಬಾಲ ಹಿಡಿದು ಬಂದೆ. ಅದಾಗಿ ಬಹಳ ವರ್ಷಗಳ ಮೇಲೆ, ಎರಡು ಸಾವಿರದ ಹತ್ತರ ದಶಕದ ಮಧ್ಯದಲ್ಲಿ, ರಿವರ್‌ಸೈಡ್ ಬಡಾವಣೆಯ ಒಂದು ನಾರ್ವೇ ದೇಶದ ದತ್ತಿಸಂಸ್ಥೆ ನನ್ನನ್ನು ವರ್ಷದ ಗುತ್ತಿಗೆಯ ಮೇಲೆ ಇಟ್ಟುಕೊಂಡಿತು. ಪದವಿಯ ಹೆಸರು ಪ್ರಕಟಣಾ ಸಲಹೆಗಾರ. ಸಲಹೆಯನ್ನು ಯಾರೂ ಕೇಳುತ್ತಿರಲಿಲ್ಲ. ಕುಡಿಯುವ ನೀರು, ಸೂಲಗಿತ್ತಿಯರ ತರಬೇತಿ, ಶಾಲೆಯ ಬಿಸಿಯೂಟ ಇವುಗಳ ಮೇಲೆ ಅವರು ಹೊರಡಿಸುವ ಪುಸ್ತಕಗಳನ್ನು ಅಚ್ಚುಮಾಡಿಸಿ ತರುವುದು ನನ್ನ ಕೆಲಸ.

ಆ ವರ್ಷ ನಮ್ಮ ನಿರ್ದೇಶಕಿ, ಎತ್ತರದ, ಮಾತು ಕಡಿಮೆಯ ನಾರ್ವೇಜಿಯನ್ ಹೆಂಗಸು, ನನ್ನನ್ನು ಕರೆದು ಹೇಳಿದರು: ವಾರ್ಷಿಕ ವರದಿಯ ನಾರ್ವೇಜಿಯನ್ ಆವೃತ್ತಿಯನ್ನೂ ಈ ಸಲ ನೈರೋಬಿಯಲ್ಲೇ ಮಾಡೋಣ. ಇದು ಚೆನ್ನಾಗಿ ಬಂದರೆ ಮುಂದೆಯೂ ಎಲ್ಲ ಇಲ್ಲೇ, ನಿಮ್ಮ ಗುತ್ತಿಗೆಯೂ ಮುಂದುವರಿಯುತ್ತದೆ. ಕೆಟ್ಟರೆ ಓಸ್ಲೋದವರು ಪುಸ್ತಕದ ಕೆಲಸವನ್ನೇ ವಾಪಸ್ ತೆಗೆದುಕೊಳ್ಳುತ್ತಾರೆ. ನಾನು ತಲೆಯಾಡಿಸಿದೆ. ಅರವತ್ತು ದಾಟಿದವನಿಗೆ ಈ ಊರಿನಲ್ಲಿ ಇನ್ನೊಂದು ಕುರ್ಚಿ ಯಾರೂ ಹಾಕುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ನನಗೆ ನಾರ್ವೇಜಿಯನ್ ಬರುತ್ತಿರಲಿಲ್ಲ. ಇದನ್ನು ನಾನು ಅಡಚಣೆಯೆಂದು ಎಣಿಸಲಿಲ್ಲ. ಕರಡು ತಿದ್ದುವವನಿಗೆ ಭಾಷೆ ಬರಲೇಬೇಕೆಂದಿಲ್ಲ, ಕಣ್ಣು ಬಂದರೆ ಸಾಕು ಎಂದು ನಮ್ಮ ಅಚ್ಚುಕೂಟದ ಯಜಮಾನರು ಹೇಳುತ್ತಿದ್ದರು. ಅವರಿಗೆ ಎರಡೂ ಸಾಲದಾಗಿತ್ತು, ಅದು ಬೇರೆ ವಿಷಯ.

ಅಚ್ಚಿನ ಕೆಲಸ ಪಂಗಾನಿಯ ಪ್ರೆಸ್ಸಿನಲ್ಲಿ. ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ. ಅಲ್ಲಿನ ಫೋರ್‌ಮನ್ ಕಿಕುಯು ಜನಾಂಗದವನು, ನನಗಿಂತ ಹತ್ತು ವರ್ಷ ಚಿಕ್ಕವನು. ಭಾನುವಾರ ಚರ್ಚಿನಲ್ಲಿ ಗ್ರಂಥಪಾಠ ಓದುವ ಗಂಟಲು ಅವನದು. ನನ್ನನ್ನು 'ಮ್ಜೆ' ಎನ್ನುತ್ತಿದ್ದ, ಎಂದರೆ ಯಜಮಾನರೇ ಎಂದು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅದು ಸ್ವಲ್ಪ ಹೆಚ್ಚು ಬುದ್ಧಿವಂತಿಕೆಯದಾಗಿ ಕಾಣುತ್ತದೆ, ಕ್ಷಮಿಸಬೇಕು.

ಮೈಸೂರಿನ ಪದ್ಧತಿಯನ್ನು ಅವನಿಗೆ ಕಲಿಸಿದವನು ನಾನು. ಒಬ್ಬ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಅಲ್ಪವಿರಾಮವನ್ನೂ ಬಾಯಿಬಿಟ್ಟು ಹೇಳುವುದು. ಇನ್ನೊಬ್ಬ ಕರಡಿನ ಮೇಲೆ ಬೆರಳಿಟ್ಟು ಕೇಳುವುದು. ಅದರ ಜೊತೆ ಇನ್ನೊಂದು ಕಟ್ಟಳೆಯನ್ನೂ ಕಲಿಸಿದ್ದೆ. ಸಹಿ ಬಿದ್ದ ಪುಟವನ್ನು ಮುಟ್ಟಕೂಡದು. ತಪ್ಪು ಕಂಡರೂ ಮುಟ್ಟಕೂಡದು. ಸಹಿ ಹಾಕಿದವನ ತಪ್ಪು ಸಹಿ ಹಾಕಿದವನದು. ಅದನ್ನು ತಿದ್ದಹೋದವನು ಹೊಸ ತಪ್ಪಿಗೆ ತಂದೆಯಾಗುತ್ತಾನೆ. ಇದನ್ನು ಹೇಳುವಾಗ ನಾನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದೆನೆಂದು ನೆನಪು.

ವರದಿಗೆ ಎರಡು ಕಿರಿದಾದ ಅಂಕಣ. ನಾರ್ವೇಜಿಯನ್ ಪದಗಳೋ, ಒಂದೊಂದೂ ಒಂದೊಂದು ಅಂಕಣದಷ್ಟು ಉದ್ದ. ಆ ಭಾಷೆಯಲ್ಲಿ ನಾಲ್ಕು ಪದ ಬೇಕಾದರೆ ನಾಲ್ಕನ್ನೂ ಸೇರಿಸಿ ಒಂದಾಗಿ ಬರೆದುಬಿಡುತ್ತಾರೆ, ನಡುವೆ ಕೂದಲೆಳೆಯಷ್ಟೂ ಜಾಗ ಬಿಡುವುದಿಲ್ಲ. ಕುಡಿಯುವ ನೀರಿನ ಪೂರೈಕೆ ಎನ್ನಲು 'ಡ್ರಿಕ್ಕೆವನ್ಸ್‌ಫೋರ್ಸೂನಿಂಗ್'. ಪ್ರೆಸ್ಸಿನ ಕಂಪ್ಯೂಟರಿಗೆ ಅದನ್ನು ಎಲ್ಲಿ ಒಡೆಯಬೇಕೆಂದು ಗೊತ್ತಿರಲಿಲ್ಲ; ಒಂದೋ ಪದವನ್ನು ಇಡಿಯಾಗಿ ಮುಂದಿನ ಸಾಲಿಗೆ ತಳ್ಳಿ ಮೇಲಿನ ಸಾಲನ್ನು ಹಲ್ಲು ಬಿದ್ದ ಬಾಯಿಯಂತೆ ಮಾಡುತ್ತಿತ್ತು, ಇಲ್ಲವೇ ಅಂಕಣದ ಆಚೆ ಕಾಲು ಚಾಚಿಸುತ್ತಿತ್ತು. ಹಾಗಾಗಿ ಪ್ರತಿ ಸಾಲಿನ ಕೊನೆಯನ್ನೂ ಕೈಯಿಂದ ಒಡೆಯಬೇಕಾಯಿತು.

"ನೀವು ಕಡಿಯಿರಿ ಮ್ಜೆ, ನಾನು ಓದುತ್ತೇನೆ. ಬಾಯಿಗೆ ಹಿತವಾದರೆ ಸರಿ" ಎಂದ ಫೋರ್‌ಮನ್.

ನಾನು ಕಡಿದೆ. ಕನ್ನಡದವನು ಪದ ಕಡಿಯುವುದು ಅಕ್ಷರಕ್ಕೆ ಅಕ್ಷರ: ವ್ಯಂಜನ ಮುಂದಿನ ಸ್ವರದ ಜೊತೆ ಹೋಗಬೇಕು, ಸಾಲು ತುಂಬಿದ ಕಡೆ ಮುರಿಯಬೇಕು, ಓದುವವನು ಜೋಡಿಸಿಕೊಳ್ಳಬೇಕು. ಸ್ವಾಹಿಲಿಯವನ ಕಿವಿಯೂ ಹಾಗೆಯೇ. "ನಮ್ಮಲ್ಲೂ ಉದ್ದಪದ ಇಲ್ಲವೇ?" ಎಂದ ಫೋರ್‌ಮನ್. "ನಿ-ನ-ಕು-ಪೆ-ನ್ಡ. ನಾನು ನಿನ್ನನ್ನು ಪ್ರೀತಿಸುತ್ತೇನೆ. ಒಂದೇ ಪದ. ಎಲ್ಲಿ ಕಡಿದರೂ ಹುಡುಗಿಗೆ ಅರ್ಥವಾಗುತ್ತದೆ." ಹೀಗೆ ಒಂದೇ ಬಗೆಯ ಕಿವಿಯ ಇಬ್ಬರು ಗಂಡಸರು ಪಂಗಾನಿಯ ಒಂದು ಕೋಣೆಯಲ್ಲಿ ಕುಳಿತು, ಮೂರನೆಯವರ ಭಾಷೆಯನ್ನು ಪ್ರಾರ್ಥನೆಯ ಧಾಟಿಯಲ್ಲಿ ಓದುತ್ತ, ಪೂರ್ಣ ಒಮ್ಮತದಿಂದ ತಪ್ಪು ಜಾಗದಲ್ಲಿ ಮುರಿಯುತ್ತ ಹೋದೆವು. ಒಬ್ಬ ಪೋಲೆಂಡಿನವನೋ ಜರ್ಮನಿಯವನೋ ಜೊತೆಗಿದ್ದಿದ್ದರೆ ಜಗಳವಾದರೂ ಆಗುತ್ತಿತ್ತು.

ಮೊದಲ ಕರಡು ಗುರುವಾರ ನಿರ್ದೇಶಕಿಯ ಮನೆಗೆ ಹೋಯಿತು. ಅವರು ಸ್ಪ್ರಿಂಗ್ ವ್ಯಾಲಿಯಲ್ಲಿದ್ದರು, ವಾರದ ಕೊನೆಗೆ ಮನೆಯಲ್ಲಿ ಕರಡು ನೋಡುತ್ತಿದ್ದರು. ಒಯ್ದುಕೊಟ್ಟು ತರುವುದು ಸಂಪರ್ಕಾಧಿಕಾರಿಯ ಕೆಲಸ. ಆಕೆ ಬೆಂಗಳೂರಿನ ಹುಡುಗಿ, ಮೂವತ್ತರ ಒಳಗಿನವಳು, ಸ್ಪ್ರಿಂಗ್ ವ್ಯಾಲಿಯ ದಾರಿಯಲ್ಲೇ ಅವಳ ಬಾಡಿಗೆ ಮನೆ. ನನ್ನನ್ನು ಆಫೀಸಿನಲ್ಲಿ ಸರ್ ಎನ್ನುತ್ತಿದ್ದಳು, ಮರೆತಾಗ ಅಂಕಲ್ ಎನ್ನುತ್ತಿದ್ದಳು.

ಸೋಮವಾರ ಕರಡು ವಾಪಸ್ ಬಂತು. ನಿರ್ದೇಶಕಿ "ಫಿಂತ್, ಫಿಂತ್" ಎಂದರು. ಚೆನ್ನಾಗಿದೆ ಎಂದರ್ಥ. ನಾನು ಹಿಗ್ಗಿ ಮೇಜಿಗೆ ಬಂದು ಪುಟ ತಿರುವಿದೆ. ಮೂರನೆಯ ಪುಟದಲ್ಲಿ, ನಾನು ಮುರಿದ ಒಂದು ಪದದ ಮೇಲೆ, ಸೊಳ್ಳೆಯ ಕಾಲಿನಷ್ಟು ತೆಳ್ಳಗೆ, ಪೆನ್ಸಿಲಿನ ಒಂದು ನಿಂತ ಗೀಟು.

ಮುಂದಿನ ಪುಟದಲ್ಲಿ ನಾಲ್ಕು. ಅದರ ಮುಂದೆ ಆರು. ಅಕ್ಷರಗಳಿಲ್ಲ, ಟಿಪ್ಪಣಿಯಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಬರೀ ಗೀಟು. ಎಲ್ಲವೂ ನನ್ನ ಮುರಿತದ ಪಕ್ಕದಲ್ಲಿ, ಒಂದು ಅಕ್ಷರ ಹಿಂದೆ ಅಥವಾ ಎರಡು ಅಕ್ಷರ ಮುಂದೆ.

ನಿರ್ದೇಶಕಿಯನ್ನು ಕೇಳಿದೆ, ತಾವು ಗುರುತು ಹಾಕಿದ್ದೀರಾ ಎಂದು. "ನಾನು ಕೋಷ್ಟಕಗಳನ್ನು ಮಾತ್ರ ನೋಡುವುದು" ಎಂದು ಅವರು ಉತ್ತರ ಕೆನ್ಯಾದ ಟುರ್ಕಾನಾಕ್ಕೆ ಹೋಗುವ ವಿಮಾನದ ಟಿಕೆಟ್ ಹುಡುಕತೊಡಗಿದರು. ಫೋರ್‌ಮನ್‌ನನ್ನು ಕೇಳಿದೆ. "ನನ್ನ ಪೆನ್ಸಿಲ್ ದಪ್ಪ, ಮ್ಜೆ" ಎಂದ. ಅದು ನಿಜ. ಅವನು ಗುರುತು ಹಾಕಿದರೆ ಹಿಂದಿನ ಪುಟದಲ್ಲೂ ಕಾಣುತ್ತಿತ್ತು.

ಇನ್ನುಳಿದವಳು ಒಬ್ಬಳೇ.

ಸಂಶಯ ಎಂಬುದು ಒಮ್ಮೆ ಒಳಗೆ ಬಂದು ಕುಳಿತರೆ, ಮನೆಯಲ್ಲಿರುವ ಸಾಮಾನೆಲ್ಲ ಅದರದೇ ಆಗಿಬಿಡುತ್ತದೆ. ಈ ಹುಡುಗಿ ಮಧ್ಯಾಹ್ನ ಡಬ್ಬಿಯ ಅನ್ನ ತಿನ್ನುತ್ತ ಕಿವಿಗೆ ತಂತಿ ಸಿಕ್ಕಿಸಿಕೊಂಡು ಏನನ್ನೋ ಪಿಸುಗುಟ್ಟುವುದನ್ನು ನಾನು ಮೊದಲೇ ಗಮನಿಸಿದ್ದೆ. ಈಗ ಹತ್ತಿರ ಹೋಗಿ ಕೇಳಿದೆ. ಅದು ನಾರ್ವೇಜಿಯನ್ ಪಾಠ. ಫೋನಿನಲ್ಲಿ. ಹಿಂದಿನ ತಿಂಗಳು ಇವಳೇ ಅಲ್ಲವೇ, "ಸರ್, ಇಷ್ಟು ಕಷ್ಟ ಯಾಕೆ? ಲೇಔಟ್ ಎಲ್ಲಾ ಓಸ್ಲೋಗೇ ಕಳ್ಸಿಬಿಟ್ರೆ ಅವರೇ ಮಾಡ್ಕೊಳ್ಳಲ್ವಾ?" ಎಂದದ್ದು? ಆಗ ಕರುಣೆ ಎಂದುಕೊಂಡಿದ್ದೆ. ಈಗ ಅದು ಸಂಚಿನ ಮೊದಲ ಅಧ್ಯಾಯವಾಗಿ ಕಂಡಿತು. ನನ್ನ ತಪ್ಪುಗಳನ್ನು ಲೆಕ್ಕ ಹಾಕಿ, ಗುತ್ತಿಗೆಯ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಹರಡುವ ಯೋಚನೆ.

ಆದರೂ ಗೀಟುಗಳನ್ನು ನಾನು ಬಿಡಲಿಲ್ಲ. ಶತ್ರುವಿನ ಕಾಗದವನ್ನು ಓದದೆ ಬಿಡುವುದು ಶೌರ್ಯವಲ್ಲ. ಮನೆಗೆ ಒಯ್ದು ಇಂಗ್ಲಿಷ್ ಆವೃತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದವನ್ನು ಹೋಲಿಸಿದೆ. 'ಸ್ಕೂಲೆಮಾತ್‌ಓರ್ಡ್ನಿಂಗ್'. ಶಾಲೆಯ ಊಟದ ವ್ಯವಸ್ಥೆ. ನಾನು 'ಸ್ಕೂಲೆಮಾ' ಎಂಬಲ್ಲಿ ಮುರಿದಿದ್ದೆ. ಗೀಟು ಇದ್ದದ್ದು 'ಮಾತ್' ಆದ ಮೇಲೆ. 'ಮಾತ್' ಎಂದರೆ ಊಟ. ನಾನು ಮಕ್ಕಳ ತಟ್ಟೆಯಿಂದ ಕೊನೆಯ ತುತ್ತನ್ನು ಕಿತ್ತು ವ್ಯವಸ್ಥೆಯ ಬಾಯಿಗೆ ಹಾಕಿದ್ದೆ. 'ಯೂರ್‌ಮೂರ್‌ಉಟ್‌ದಾನಿಂಗ್'. ಸೂಲಗಿತ್ತಿಯರ ತರಬೇತಿ. 'ಯೂರ್' ಎಂದರೆ ಭೂಮಿ, 'ಮೂರ್' ಎಂದರೆ ತಾಯಿ. ಭೂಮಿತಾಯಿ ಸೇರಿದರೆ ಅವರಿಗೆ ಸೂಲಗಿತ್ತಿ. ನಾನು ತಾಯಿಯ ಕೊನೆಯ ಅಕ್ಷರವನ್ನು ತರಬೇತಿಗೆ ಅಂಟಿಸಿದ್ದೆ.

ನಿಧಾನವಾಗಿ ಹೊಳೆಯಿತು. ಇದು ನಮ್ಮ ಸಮಾಸವೇ, ಆದರೆ ಸಂಧಿಯಿಲ್ಲದ ಸಮಾಸ. ನಮ್ಮಲ್ಲಿ ಎರಡು ಪದ ಸೇರಿದರೆ ಒಂದು ಸವೆಯುತ್ತದೆ, ಒಂದು ಬಾಗುತ್ತದೆ, ಕೊನೆಗೆ ಯಾವುದು ಯಾರ ಸ್ವರವೆಂದು ಹೇಳಲಾಗದು. ಇವರಲ್ಲಿ ನಾಲ್ಕು ಪದ ಒಂದೇ ಚಾಪೆಯ ಮೇಲೆ ಮಲಗಿದರೂ ಒಬ್ಬರ ಕಾಲು ಇನ್ನೊಬ್ಬರಿಗೆ ತಗಲುವುದಿಲ್ಲ. ಬಹಳವೆಂದರೆ ಕುಡಿಯುವ ನೀರಿನಲ್ಲಿದ್ದಂತೆ ನಡುವೆ ಒಂದು 'ಸ್' ಬರುತ್ತದೆ, ನಮ್ಮ 'ನೀರಿನ' ಎಂಬುದರ 'ಇನ' ಇದ್ದಂತೆ, ಮತ್ತು ಅದು ಯಾವಾಗಲೂ ಹಿಂದಿನ ಪದದ ಕಡೆಯದು. ಮುರಿಯುವುದು ಆ 'ಸ್' ಆದ ಮೇಲೆ. ಮೊದಲು ಅರ್ಥದ ಕೀಲು, ಆಮೇಲೆ ಬಾಯಿಯ ಸುಖ.

"ಏನ್ರೀ ಅದು, ಪರೀಕ್ಷೆಗೆ ಓದೋ ಹಾಗೆ ಕೂತಿದ್ದೀರಿ?" ಎಂದಳು ಹೆಂಡತಿ.

"ಆಫೀಸಿನಲ್ಲಿ ಒಬ್ಬಳು ನನ್ನ ತಪ್ಪು ತಿದ್ದುತ್ತಿದ್ದಾಳೆ."

"ಸರಿಯಾಗಿ ತಿದ್ದುತ್ತಿದ್ದಾಳಾ?"

"ಸರಿಯಾಗೇ."

"ಮತ್ತೆ ಥ್ಯಾಂಕ್ಸ್ ಹೇಳಿ. ನನ್ನ ಕ್ಲಾಸಲ್ಲಿ ನಾನು ತಿದ್ದಿದ್ರೆ ಯಾರೂ ಪೊಲೀಸಿಗೆ ಹೋಗಲ್ಲ."

ಗಣಿತದವರಿಗೆ ಇಂಥ ಸೂಕ್ಷ್ಮಗಳು ತಿಳಿಯುವುದಿಲ್ಲ. ಕದ್ದು ತಿದ್ದುವವರ ಉದ್ದೇಶ ತಿದ್ದುವುದೇ ಆಗಿದ್ದರೆ ಕದಿಯುವುದೇಕೆ?

ಎರಡನೆಯ ಕರಡಿನಲ್ಲಿ ನಾನು ಗೀಟುಗಳನ್ನೆಲ್ಲ ಜಾರಿಗೆ ತಂದೆ. ಉಳಿದ ಪುಟಗಳಲ್ಲಿ ನಾನೇ ಕೀಲು ಹುಡುಕಿ ಮುರಿದೆ. ಫೋರ್‌ಮನ್ ಓದುತ್ತ ಓದುತ್ತ ತಲೆಯೆತ್ತಿ, "ಮ್ಜೆ, ಈಗ ನಾಲಿಗೆ ಎಡವುತ್ತಲೇ ಇಲ್ಲ. ಎಲ್ಲಿ ಕಲಿತಿರಿ?" ಎಂದ. "ಅಭ್ಯಾಸ" ಎಂದೆ. ಆ ಕರಡು ಸ್ಪ್ರಿಂಗ್ ವ್ಯಾಲಿಗೆ ಹೋಗಿ ವಾಪಸ್ ಬಂದಾಗ ನಲವತ್ತೆಂಟು ಪುಟದಲ್ಲಿ ಇದ್ದದ್ದು ಎರಡೇ ಗೀಟು. ನಾನು ಅದನ್ನು ನನ್ನ ಪ್ರಗತಿ ಎಂದು ಓದಬಹುದಾಗಿತ್ತು. ನಾನು ಓದಿದ್ದು ಬೇರೆ: ಸಾಕಷ್ಟು ಸಾಕ್ಷ್ಯ ಸಿಕ್ಕಿತು, ಇನ್ನು ಗುರುತು ಹಾಕುವ ಅಗತ್ಯ ಅವಳಿಗಿಲ್ಲ.

ಹಾಗಾಗಿ ಮೂರನೆಯ ಕರಡಿಗೆ ಬಲೆ ಹಾಕಿದೆ.

ಏಳು ಕಡೆ, ಬೇರೆ ಬೇರೆ ಪುಟಗಳಲ್ಲಿ, ಸರಿಯಾಗಿದ್ದ ಮುರಿತವನ್ನು ಬೇಕೆಂದೇ ಕೆಡಿಸಿದೆ. ಸಣ್ಣಪುಟ್ಟ ತಪ್ಪಲ್ಲ; ಕಲಿತವರ ಕಣ್ಣಿಗೆ ಮುಳ್ಳಿನಂತೆ ಚುಚ್ಚಬೇಕು. ಕುಡಿಯುವ ನೀರನ್ನು 'ಡ್ರಿಕ್ಕೆವನ್' ಎಂಬಲ್ಲಿ ಕಡಿದು ಮುಂದಿನ ಸಾಲನ್ನು 'ನ್ಸ್‌ಫೋ' ಎಂದು ಶುರುಮಾಡಿದೆ. ಕೆಮ್ಮು ಬಂದವರು ಹೇಳಬಹುದಾದ ಶಬ್ದ. ಮೊದಲ ಪುಟದಲ್ಲೇ, ಓಸ್ಲೋದ ಅಧ್ಯಕ್ಷರ ಸಂದೇಶದಲ್ಲಿ, ಭೂಮಿತಾಯಿಯನ್ನು ಮತ್ತೆ ಊನಗೊಳಿಸಿದೆ. ಪ್ರೆಸ್ಸಿನ ಕಂಪ್ಯೂಟರಿನ ಹುಡುಗಿಗೆ ಅನುಮಾನ ಬಾರದಿರಲೆಂದು ಏಳನ್ನೂ ಎರಡನೆಯ ಕರಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಹೀಗೆಯೇ ಇರಬೇಕೆಂದು ಸೂಚಿಸಿದ್ದೆ. ಏಳರ ಪಟ್ಟಿ ನನ್ನ ಕನ್ನಡಕದ ಡಬ್ಬಿಯೊಳಗೆ. ಗೀಟು ಬಿದ್ದರೆ ಅದು ಸಂಪರ್ಕಾಧಿಕಾರಿಯ ಮೇಜಿನ ಮೇಲೇ ಬಿದ್ದದ್ದು ಎಂದು ಸಾಬೀತಾಗಬೇಕಲ್ಲ? ಅದಕ್ಕೆ ಹನ್ನೊಂದು, ಹನ್ನೆರಡನೆಯ ಪುಟಗಳ ನಡುವೆ ನಾಲ್ಕು ಸಾಸಿವೆ ಕಾಳು ಇಟ್ಟೆ. ಪುಟ ತೆರೆದರೆ ಕಾಳು ತೆರೆದವರ ಮೇಜಿನ ಮೇಲೆ ಉದುರಬೇಕು.

"ಸಾಸಿವೆ ಡಬ್ಬಿ ಯಾಕ್ರೀ ನಿಮ್ಮ ಬ್ಯಾಗಲ್ಲಿದೆ?" ಎಂದಳು ಹೆಂಡತಿ.

"ಆಫೀಸ್ ಕೆಲಸ."

"ವರದಿಗೆ ಒಗ್ಗರಣೆ ಹಾಕ್ತೀರಾ?"

ಯೋಜನೆ ಸರಳವಾಗಿತ್ತು. ಗುರುವಾರ ಕರಡು ಹೋಗುತ್ತದೆ. ಸೋಮವಾರ ಎಂದಿನಂತೆ ಅದು ನನ್ನ ಮೇಜಿಗೆ ಬರುತ್ತದೆ. ಗೀಟುಗಳನ್ನು ನೋಡಿ, ಕಳ್ಳಿಯನ್ನು ಹಿಡಿದು, ಏಳನ್ನೂ ಸರಿಪಡಿಸಿ, ಸಹಿಗೆ ಕಳಿಸುತ್ತೇನೆ. ಎರಡು ವಾರ ಎರಡು ಸಲವೂ ಹಾಗೇ ನಡೆದಿತ್ತು. ಮೂರನೆಯ ಸಲ ಬೇರೆ ರೀತಿ ನಡೆಯಬಹುದೆಂದು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ. ನಾನು ಕಾಳುಗಳನ್ನು ಎಣಿಸುತ್ತಿದ್ದೆ.

ಸೋಮವಾರ ಇಡೀ ಮಧ್ಯಾಹ್ನ ನಾನು ಅಡ್ಡಗೋಡೆಯ ಮೇಲಿನಿಂದ ಅವಳ ಮೇಜನ್ನು ಕಾದೆ. ಬೇಹುಗಾರಿಕೆಯ ನಡುವೆ ಸದ್ದಾಗಬಾರದೆಂದು ಫೋನನ್ನು ಮೌನಕ್ಕೆ ಹಾಕಿ ಜೇಬಿಗೆ ಸೇರಿಸಿದ್ದೆ. ಅವಳು ಕೀಬೋರ್ಡನ್ನು ತಲೆಕೆಳಗೆ ಮಾಡಿ ಕೊಡವಿದಳು. ಸಾಸಿವೆ! ಆದರೆ ಕರಡು ಮಾತ್ರ ಕಾಣಲಿಲ್ಲ. ಸಂಜೆ ಐದಾದರೂ ಬರಲಿಲ್ಲ. ಬಚ್ಚಿಟ್ಟಿದ್ದಾಳೆ ಎಂದುಕೊಂಡೆ. ಸಮಾಧಾನವೂ ಆಯಿತು, ಬಚ್ಚಿಡುವವರು ಯಾವಾಗಲೂ ಅಪರಾಧಿಗಳೇ.

ಮಂಗಳವಾರ ಬೆಳಗ್ಗೆ ಅವಳ ಮೇಜಿನ ಮುಂದೆ ಹೋಗಿ ನಿಂತೆ.

"ಕರಡು ಎಲ್ಲಮ್ಮ?"

"ಯಾವ್ದು ಸರ್? ಫೈನಲ್ ಪ್ರೂಫಾ? ಅದು ನಿನ್ನೇನೇ ಪ್ರೆಸ್ಸಿಗೆ ಹೋಯ್ತಲ್ಲ. ಡೆಡ್‌ಲೈನ್ ಎರಡು ದಿನ ಮುಂಚೆ ಬಂತಂತೆ. ಮೇಡಂ ಬೆಳಗ್ಗೆ ಏರ್‌ಪೋರ್ಟಿಂದ ಬಂದೋರೇ ನನ್ನ ಮೇಜಲ್ಲೇ ಪುಟ ತಿರುವಿ ಸೈನ್ ಹಾಕಿ, ಡ್ರೈವರ್ ಕೈಲಿ ಡೈರೆಕ್ಟ್ ಪಂಗಾನಿಗೆ ಕಳ್ಸಿದ್ರು. ನಿಮಗೆ ಮೇಲ್ ಮಾಡಿದ್ದೆ."

"ಮತ್ತೆ ಆ ಏಳನ್ನು ನೀನು ತಿದ್ದಿದೆಯೋ ಇಲ್ಲವೋ?"

"ಯಾವ ಏಳು?"

"ನಾಟಕ ಬೇಡ. ಪೆನ್ಸಿಲ್ ಗೀಟು. ಮೊದಲ ಕರಡಿನಿಂದಲೂ ನನಗೆ ಗೊತ್ತು."

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನನ್ನನ್ನೇ ನೋಡಿದಳು. "ಅಯ್ಯೋ ಅಂಕಲ್. ಅದು ನಾನಲ್ಲ. ಮೇಡಂ ಅವರ ಅಪ್ಪ."

ಆಮೇಲೆ ಅವಳು ಹೇಳಿದ್ದು ಇಷ್ಟು. ನಿರ್ದೇಶಕಿಯ ತಂದೆ ಮಗಳ ಮನೆಗೆ ಒಂದು ತಿಂಗಳ ಮಟ್ಟಿಗೆ ಬಂದಿದ್ದರು. ಎಂಬತ್ತರ ಹತ್ತಿರದ ಮುದುಕ. ನಾರ್ವೇಯ ಯಾವುದೋ ಸಣ್ಣ ಊರಿನ ಪತ್ರಿಕೆಯಲ್ಲಿ ನಲವತ್ತು ವರ್ಷ ಮೊಳೆ ಜೋಡಿಸಿದವರು. ಮಗಳು ಹೆಚ್ಚಾಗಿ ಟುರ್ಕಾನಾದಲ್ಲಿ, ಸ್ಪ್ರಿಂಗ್ ವ್ಯಾಲಿಯಲ್ಲಿ ಇವರೊಬ್ಬರೇ, ಮೇಜಿನ ಮೇಲೆ ಕರಡು. ಕೈ ಸುಮ್ಮನಿರಲಿಲ್ಲ.

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಅವರೇ ಬೇಡ ಅಂದ್ರು. ಇನ್ನೊಬ್ಬ ಕೆಲಸಗಾರನ ಕರಡಿಗೆ ಕೈ ಹಾಕಬಾರದು, ಗೊತ್ತಾದ್ರೆ ಆತನಿಗೆ ಅವಮಾನ ಆಗತ್ತೆ ಅಂತ. ಅದಕ್ಕೇ ಅಷ್ಟು ತೆಳ್ಳಗೆ ಹಾಕ್ತಿದ್ರು, ಬೇಡಾದ್ರೆ ಅಳಿಸ್ಕೊಳ್ಳಲಿ ಅಂತ. ಎರಡನೇ ಸಲ ನೋಡಿ ತುಂಬಾ ಖುಷಿಯಾಗಿದ್ರು ಗೊತ್ತಾ? ಈ ಮನುಷ್ಯನಿಗೆ ಈಗ ಎಲ್ಲಾ ಬರತ್ತೆ, ಇನ್ನು ನನ್ನ ಅವಶ್ಯಕತೆ ಇಲ್ಲ ಅಂದ್ರು. ಹೋದ ಬುಧವಾರ ಊರಿಗೆ ಹೋದ್ರು."

ಬುಧವಾರ. ಬಲೆ ಹಾಕಿದ ಕರಡು ಹೋದದ್ದು ಗುರುವಾರ.

"ಮತ್ತೆ ನೀನು ನಾರ್ವೇಜಿಯನ್ ಕಲಿಯೋದು ಯಾಕೆ?" ಎಂದೆ. ಮುಳುಗುವವನೂ ಕೊನೆಯ ಪ್ರಶ್ನೆ ಕೇಳಿಯೇ ಮುಳುಗುತ್ತಾನೆ.

"ಮೀಟಿಂಗಲ್ಲಿ ಮಧ್ಯೆ ಮಧ್ಯೆ ಅವರೆಲ್ಲ ಅವರ ಭಾಷೆಗೆ ಹೋಗ್ಬಿಡ್ತಾರೆ ಅಂಕಲ್. ನನ್ನ ಬಗ್ಗೆ ಏನ್ ಮಾತಾಡ್ಕೋತಾರೆ ಅಂತ ತಿಳ್ಕೋಬೇಡ್ವಾ?" ಎಂದಳು. ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಕೊಟ್ಟಳು. "ಇದು ನಿಮಗೆ ಕೊಡು ಅಂದಿದ್ರು. ಮರ್ತೇ ಹೋಗಿತ್ತು, ಸಾರಿ. ಒಂದ್ ವಿಷಯ ಕೇಳ್ಲಾ? ಆ ಸಾಸಿವೆ ನೀವೇ ಹಾಕಿದ್ದಾ? ನನ್ನ ಕೀಬೋರ್ಡಲ್ಲಿ ಎಮ್ ಒತ್ತಿದ್ರೆ ಈಗ ಏನೂ ಬರಲ್ಲ."

ಲಕೋಟೆಯಲ್ಲಿ ಒಂದು ಅರ್ಧ ಸವೆದ ಪೆನ್ಸಿಲ್ ಇತ್ತು. ಚಾಕುವಿನಿಂದ ಚೂಪು ಮಾಡಿದ್ದು.

ರಿವರ್‌ಸೈಡಿನಿಂದ ಪಂಗಾನಿಗೆ ಎರಡು ಮಟಾಟು ವ್ಯಾನು ಬದಲಿಸಬೇಕು. ಎರಡನೆಯದು ಙಾರಾದಲ್ಲಿ ಇಪ್ಪತ್ತು ನಿಮಿಷ ನಿಂತಿತು, ಸೀಟು ತುಂಬಲಿ ಎಂದು. ನಿಂತಿದ್ದ ಗಾಡಿಯಲ್ಲಿ ಕೂತು ಫೋನ್ ನೋಡಿದೆ. ಫೋರ್‌ಮನ್‌ನ ಕರೆಗಳು ಮೂರು, ಹಿಂದಿನ ದಿನದ ಮಧ್ಯಾಹ್ನದವು.

ಪ್ರೆಸ್ಸಿನ ಬಾಗಿಲಲ್ಲೇ ಹೊಸ ಶಾಯಿಯ ವಾಸನೆ ಹೊಡೆಯಿತು. ಆ ವಾಸನೆಗೆ ಅರ್ಥ ಒಂದೇ. ಒಳಗೆ ಹಾಳೆಗಳು ಅಟ್ಟಿಯಾಗಿ ಒಣಗುತ್ತಿದ್ದವು. ಫೋರ್‌ಮನ್ ಕೈ ಒರೆಸಿಕೊಳ್ಳುತ್ತ ಬಂದ.

"ಸವಾ, ಸರಿಹೋಯಿತು, ಮ್ಜೆ. ಎಲ್ಲ ಮುಗಿಯಿತು. ರಾತ್ರಿಯ ಪಾಳಿಯವರೇ ಮುಗಿಸಿದರು."

"ಓದಿ ನೋಡಿದೆಯಾ?"

"ಓದಿದೆ. ಒಬ್ಬನೇ ಓದಿದೆ, ನೀವಿರಲಿಲ್ಲವಲ್ಲ. ಏಳು ಕಡೆ ನಾಲಿಗೆ ಎಡವಿತು."

ಏಳು. ಒಂದೂ ಬಿಟ್ಟಿರಲಿಲ್ಲ. ನನ್ನ ಕನ್ನಡಕದ ಡಬ್ಬಿಯಲ್ಲಿದ್ದ ಪಟ್ಟಿಯನ್ನು ಅವನು ಬಾಯಿಂದಲೇ ಹೇಳಿದ, ಪುಟದ ಸಂಖ್ಯೆ ಸಮೇತ.

"ಗೊತ್ತಾಗಿಯೂ ಯಾಕೆ ಸರಿಪಡಿಸಲಿಲ್ಲ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಸಹಿ ಬಿದ್ದಿತ್ತು, ಮ್ಜೆ. ಸಹಿ ಬಿದ್ದ ಪುಟ ಮುಟ್ಟಕೂಡದು. ಅದೂ ಅಲ್ಲದೆ ಹಿಂದಿನ ಕರಡಿನಲ್ಲಿ ನಿಮ್ಮದೇ ಕೈಬರಹ, ಕೆಂಪು ಶಾಯಿ, ಕೆಳಗೆ ಗೆರೆ. ಏನೋ ಕಾರಣ ಇರಬೇಕು ಎಂದುಕೊಂಡೆ. ಆದರೂ ಮನಸ್ಸು ತಡೆಯದೆ ಮೂರು ಸಲ ಫೋನ್ ಮಾಡಿದೆ."

"ಫೋನ್ ಮೌನದಲ್ಲಿತ್ತು."

"ಮೀಟಿಂಗ್ ಇತ್ತೇ?"

"ಹೂಂ" ಎಂದೆ.

ಮತ್ತೆ ಅಚ್ಚು ಹಾಕಲು ಕಾಗದವೂ ಇರಲಿಲ್ಲ, ದಿನವೂ ಇರಲಿಲ್ಲ. ಮರುದಿನ ಬೆಳಗ್ಗೆ ಪುಸ್ತಕಗಳು ವಿಮಾನ ಹತ್ತಬೇಕಿತ್ತು. ನಾನು ನಿರ್ದೇಶಕಿಗೆ ಫೋನ್ ಮಾಡಿ, ಏಳು ತಪ್ಪು ಉಳಿದಿವೆ, ಅವು ನನ್ನವು ಎಂದೆ. ಬೇಕೆಂದೇ ಮಾಡಿದ್ದು ಎಂದು ಹೇಳಲಿಲ್ಲ. ಸಾಸಿವೆಯ ವಿಷಯವನ್ನೂ ಎತ್ತಲಿಲ್ಲ. ಅವರು, "ಕೋಷ್ಟಕಗಳಲ್ಲಿ ಅಲ್ಲ ತಾನೇ?" ಎಂದರು. ಅಲ್ಲ ಎಂದೆ. ಹಾಗಾದರೆ ಒಂದು ತಿದ್ದುಪಡಿ ಚೀಟಿ ಹಾಕಿ ಎಂದರು.

ಅಂದು ಸಂಜೆ ಬೆಂಗಳೂರಿನ ಹುಡುಗಿಯೂ ಪ್ರೆಸ್ಸಿಗೆ ಬಂದಳು, ಕರೆಯದೆಯೇ. ಚೀಟಿಗೆ ಏನು ತಲೆಬರಹ ಹಾಕಬೇಕೆಂದು ಫೋನಿನಲ್ಲಿ ಹುಡುಕಿಕೊಟ್ಟಳು: 'ರೆತ್ತೆಲ್ಸೆರ್', ತಿದ್ದುಪಡಿಗಳು ಎಂದು. ಅದರ ಕೆಳಗೆ ಏಳು ಪದಗಳು, ಕೀಲಿದ್ದಲ್ಲಿ ಒಂದೊಂದು ಸಣ್ಣ ಅಡ್ಡಗೆರೆ. ಸಾಲು ಎಲ್ಲಿ ಮುರಿಯಬೇಕಿತ್ತು ಎಂದು ತಿದ್ದುಪಡಿ ಹೊರಡಿಸಿದ ಪುಸ್ತಕ ಪ್ರಪಂಚದಲ್ಲಿ ಇನ್ನೊಂದಿದೆಯೆಂದು ನನಗೆ ತಿಳಿದಿಲ್ಲ. ಅಚ್ಚು ಹಾಕುವ ಮೊದಲು ಪದ್ಧತಿಯಂತೆ ಅದನ್ನೂ ಓದಿದೆವು. ಅವಳು ಓದಿದಳು, ನಾನು ಮುದುಕರ ಪೆನ್ಸಿಲಿನಿಂದ ಗುರುತು ಹಾಕಿದೆ, ಫೋರ್‌ಮನ್ ಕಣ್ಣು ಮುಚ್ಚಿ ಕೇಳಿದ. ಅವಳ ಬಾಯಲ್ಲಿ ಆ ಭಾಷೆ ನಮ್ಮ ಪ್ರಾರ್ಥನೆಯಂತೆ ಕೇಳಲೇ ಇಲ್ಲ. 'ಫೋರ್ಸೂನಿಂಗ್' ಎಂದು ನಾವು ಇಷ್ಟು ದಿನ ಸಾರಿದ್ದನ್ನು ಅವಳು 'ಫೋಷೂನಿಂಗ್' ಎಂದಳು.

"ಅಸಾಂಟೆ" ಎಂದ ಫೋರ್‌ಮನ್, ಗ್ರಂಥಪಾಠ ಮುಗಿದ ಮೇಲೆ ಧನ್ಯವಾದ ಹೇಳುವ ಧಾಟಿಯಲ್ಲಿ.

ಪುಟಗಳ ನಡುವೆ ಚೀಟಿ ಸಿಕ್ಕಿಸುತ್ತ ಕುಳಿತಿದ್ದಾಗ ನಾನು ಅವಳಿಗೆ, "ನಿನ್ನ ಮೇಲೆ ಅನುಮಾನ ಪಟ್ಟೆನಮ್ಮ" ಎಂದೆ.

"ಗೊತ್ತಾಗ್ತಿತ್ತು ಅಂಕಲ್. ಪಾರ್ಟಿಷನ್ ಮೇಲೆ ನಿಮ್ಮ ತಲೆ ಕಾಣ್ತಾನೇ ಇತ್ತು. ನಾನೂ ನಿಮ್ಮ ಮೇಲೆ ಪಟ್ಟಿದ್ದೆ ಬಿಡಿ. ಮೇಡಂಗೆ ನನ್ನ ಮೇಲೆ ಕಂಪ್ಲೇಂಟ್ ಬರೀತಿದ್ದೀರೇನೋ ಅಂತ."

ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, ಸಾಸಿವೆ ಡಬ್ಬಿಯನ್ನು ನನ್ನ ಬ್ಯಾಗಿನಿಂದ ತೆಗೆದು ಅಡುಗೆಮನೆಯಲ್ಲಿ ಇದ್ದ ಜಾಗಕ್ಕೆ ಇಟ್ಟಳು. ಥ್ಯಾಂಕ್ಸ್ ಹೇಳಿ ಎಂದಿದ್ದೆನಲ್ಲ ಎಂದು ಅನ್ನಲಿಲ್ಲ. ಅನ್ನಬಹುದೆಂದು ನಾನು ಒಂದು ವಾರ ಕಾದೆ.

ಆರು ವಾರದ ಮೇಲೆ ಓಸ್ಲೋದಿಂದ ನಿರ್ದೇಶಕಿಗೆ ಒಂದು ಮೇಲ್ ಬಂತು. ಪುಸ್ತಕ ಅಂದವಾಗಿದೆ, ಆದರೆ ಅಧ್ಯಕ್ಷರ ಸಂದೇಶದಲ್ಲಿ ಸೂಲಗಿತ್ತಿಯರಿಗೆ ಏನಾಗಿದೆ ಎಂದು ಅಧ್ಯಕ್ಷರು ವಿಚಾರಿಸಿದ್ದಾರೆ, ಚೀಟಿ ಅವರ ಪ್ರತಿಯಿಂದ ಬಿದ್ದುಹೋಗಿತ್ತು ಎಂದು ಅದರಲ್ಲಿತ್ತು. ಮುಂದಿನ ವರ್ಷದ ವರದಿ ಓಸ್ಲೋದಲ್ಲಿ ಅಚ್ಚಾಯಿತು. ನನ್ನ ಗುತ್ತಿಗೆ ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯಿತು.